ಹೇಮಾವತಿಯ ನೀರು, ಸರ್ ಎಂ.ವಿ. ಅವರ ಕಾರು

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಏನು ನಡೆಯುತ್ತೆ ಅಂತ ನಿಮಗೆ ಗೊತ್ತೇ ಇದೆ. ಪೇಟ ತೊಟ್ಟ ಫೋಟೊಗೆ ಒಂದು ಹಾರ, ಎರಡು ಭಾಷಣ, ಒಂದು ರಸಪ್ರಶ್ನೆ, ಕೊನೆಗೆ ಸಮೋಸ. ಕನ್ನಂಬಾಡಿ ಕಟ್ಟೆ ಯಾರ ಕನಸು ಅಂತ ಕೇಳಿದರೆ ಇಡೀ ಸೆಮಿನಾರ್ ಹಾಲೇ ಕೈ ಎತ್ತುತ್ತೆ. ಆದರೆ ಅದೇ ಮನುಷ್ಯ ಎಪ್ಪತ್ತು ದಾಟಿದ ಮೇಲೆ, ನಮ್ಮ ದೇಶದಲ್ಲೇ ಕಾರು ತಯಾರಾಗಬೇಕು ಅಂತ ಹಟ ಹಿಡಿದು ವರ್ಷಗಟ್ಟಲೆ ಓಡಾಡಿದರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಮೊನ್ನೆಯವರೆಗೂ ನನಗೂ ಗೊತ್ತಿರಲಿಲ್ಲ. ಅದನ್ನು ಹುಡುಕುವ ಹಾಗೆ ಮಾಡಿದ್ದು ನಮ್ಮ ಚಿಕ್ಕಪ್ಪನ ಪುಟ್ಟ ಎಲೆಕ್ಟ್ರಿಕ್ ಕಾರು.

ನಮ್ಮೂರು ಆಲೂರು ತಾಲ್ಲೂಕಿನಲ್ಲಿ, ಬಾಳ್ಳುಪೇಟೆಯಿಂದ ಸ್ವಲ್ಪ ಒಳಗೆ. ಕಾಫಿ, ಮೆಣಸು, ಒಂದಿಷ್ಟು ಗದ್ದೆ. ಚಿಕ್ಕಪ್ಪ ಆ ಕಾರು ತಂದಾಗ ತಾತ ಅದರ ಸುತ್ತ ಒಂದು ಸುತ್ತು ಹಾಕಿ, ಇದು ನಮ್ಮ ಏರು ಹತ್ತುತ್ತೇನೋ ಅಂತ ಕೇಳಿ ಜಗಲಿಗೆ ಹೋಗಿ ಕೂತುಬಿಟ್ಟರು. ಕಾರು ಏರು ಹತ್ತಿತು. ಇಳಿಜಾರಿನಲ್ಲಿ ಮಾತ್ರ ಅದು ನಮಗೆಲ್ಲ ಆಶ್ಚರ್ಯ ತಂದಿತು. ಸುಬ್ರಹ್ಮಣ್ಯಕ್ಕೆ ಹೊರಟಿದ್ದೆವು. ಸಕಲೇಶಪುರ ದಾಟಿ, ದೋಣಿಗಾಲ್ ಕಳೆದು, ಮಾರನಹಳ್ಳಿಯಿಂದ ಶಿರಾಡಿ ಘಾಟಿ ಇಳಿದು ಗುಂಡ್ಯ ತಲುಪುವಾಗ ಬ್ಯಾಟರಿಯ ಅಂಕಿ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು! ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಕರೆಂಟು ವಾಪಸ್ ತುಂಬುತ್ತೆ ಅಂತ ನಾನು ಲ್ಯಾಬಿನಲ್ಲಿ ಕಲಿತದ್ದನ್ನೆಲ್ಲ ತಾತನಿಗೆ ಹೇಳಿದೆ. ತಾತ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. ಸರಿ, ಮನೆಯಲ್ಲಿ ತುಂಬಿಸಿದ ಕರೆಂಟು ಎಲ್ಲಿಂದ ಬಂತು?

ಆ ಪ್ರಶ್ನೆಯ ಹಿಂದೆ ಹೋದರೆ ಸಿಗುವುದು ನಮ್ಮ ಗುಡ್ಡದ ಮಳೆ. ಸಕಲೇಶಪುರ-ಆಲೂರು ಸೀಮೆಯಲ್ಲಿ ಪೂರ್ವಕ್ಕೆ ಬಿದ್ದ ನೀರು ಹೇಮಾವತಿ ಸೇರಿ, ಗೊರೂರು ದಾಟಿ, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಗೆ ಕೂಡುತ್ತೆ. ಅಲ್ಲಿಂದ ಮುಂದೆ ಶಿವನಸಮುದ್ರ. ನಮ್ಮ ರಾಜ್ಯದಲ್ಲಿ ನೀರು ಮೊದಲು ಕರೆಂಟಾಗಿ ದೂರದೂರಿಗೆ ಹೋದ ಜಾಗ. ಈ ದಾರಿಯ ನಡುವೆ ನಿಂತಿರುವ ಮನುಷ್ಯ ಸರ್ ಎಂ. ವಿಶ್ವೇಶ್ವರಯ್ಯ. ಹಾಗಾಗಿ ಈ ಸಲ ಅವರ ಜೀವನವನ್ನು ಕಾರಿನ ಕಿಟಕಿಯಿಂದ ನೋಡೋಣ ಅನ್ನಿಸಿತು.

ಮುದ್ದೇನಹಳ್ಳಿಯಿಂದ ಪುಣೆಗೆ

1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಅದು ನದಿಯಿಲ್ಲದ ಸೀಮೆ. ಮಳೆ ಬಂದರೆ ಕೆರೆ, ಕೆರೆ ತುಂಬಿದರೆ ಬೆಳೆ. ನಮ್ಮ ಮಲೆನಾಡಿನವರಿಗೆ ಮಳೆ ಅಂದ್ರೆ ಯಾವಾಗ ನಿಲ್ಲುತ್ತೋ ಅನ್ನೋ ಚಿಂತೆ, ಅಲ್ಲಿಯವರಿಗೆ ಯಾವಾಗ ಬರುತ್ತೋ ಅನ್ನೋ ಚಿಂತೆ. ಅವರು ಜೀವನವಿಡೀ ನೀರನ್ನು ಹಿಡಿದಿಡುವ ಕೆಲಸವನ್ನೇ ಮಾಡಿದ್ದು ನೋಡಿದರೆ, ಈ ಊರಿನ ಕೆರೆಗಳ ನೆನಪು ಅವರನ್ನು ಬಿಡಲಿಲ್ಲವೇನೋ ಅನ್ನಿಸುತ್ತೆ.

ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಸೋದರಮಾವನ ಆಸರೆಯಲ್ಲಿ ಬೆಂಗಳೂರಿಗೆ ಬಂದು ಓದು ಮುಂದುವರಿಸಿದರು. ಕೊಡಗಿನ ಮೂಲದ ಒಂದು ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟು ಖರ್ಚು ನಿಭಾಯಿಸಿಕೊಂಡರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ಸೈನ್ಸ್ ಕಾಲೇಜಿಗೆ ಸೇರಿ, 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ಜೇಮ್ಸ್ ಬರ್ಕ್ಲಿ ಬಹುಮಾನ ಪಡೆದರು. ಮರುವರ್ಷವೇ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್. ಆಗ ಅವರಿಗೆ ಇಪ್ಪತ್ಮೂರು. ನಮ್ಮಲ್ಲಿ ಎಷ್ಟೋ ಜನ ಬ್ಯಾಕ್‌ಲಾಗ್ ಕ್ಲಿಯರ್ ಮಾಡ್ತಾ ಇರೋ ವಯಸ್ಸು!

ಹರಿದು ಹೋಗುವುದನ್ನು ಹಿಡಿದಿಡುವುದು

ಬಾಂಬೆ ಪ್ರಾಂತ್ಯದಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು. ಸಿಂಧೂ ನದಿಯ ನೀರು ಬರೀ ಕೆಸರು. ದುಬಾರಿ ಶೋಧಕ ಕಟ್ಟಲು ಪಟ್ಟಣದ ಬಳಿ ದುಡ್ಡಿಲ್ಲ. ವಿಶ್ವೇಶ್ವರಯ್ಯ ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ತಾನಾಗಿ ಸೋಸಿ ಬಂದ ನೀರನ್ನು ಮೇಲೆತ್ತಿಸಿದರು. ನದಿಯ ಮರಳೇ ಶೋಧಕ ಆಯ್ತು.

ಎರಡನೆಯದು ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯದ್ದು. ಮಳೆಗಾಲದಲ್ಲಿ ಕೋಡಿಯ ಮೇಲೆ ಹರಿದು ಹೋಗುವ ನೀರು ಲೆಕ್ಕವಿಲ್ಲದಷ್ಟು, ಬೇಸಿಗೆಯಲ್ಲಿ ನೀರಿಗೆ ಪರದಾಟ. ಅಣೆಕಟ್ಟನ್ನೇ ಎತ್ತರಿಸಿದರೆ ಖರ್ಚು, ಅಪಾಯ ಎರಡೂ. ಅವರು ಕೋಡಿಯ ಮೇಲೆ ತಾನಾಗಿ ತೆರೆದು ಮುಚ್ಚುವ ಗೇಟುಗಳನ್ನು ವಿನ್ಯಾಸ ಮಾಡಿದರು. ನೀರು ಒಂದು ಮಟ್ಟಕ್ಕೆ ಬರುವವರೆಗೂ ಗೇಟು ಹಿಡಿದಿಟ್ಟುಕೊಳ್ಳುತ್ತೆ. ಪ್ರವಾಹ ಅದಕ್ಕೂ ಮೀರಿ ಏರಿದರೆ ತಾನೇ ತೆರೆದುಕೊಳ್ಳುತ್ತೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತೆ. 1903ರಲ್ಲಿ ಅಲ್ಲಿ ಅಳವಡಿಸಿದ ಈ ಗೇಟುಗಳಿಗೆ ಅವರು ಪೇಟೆಂಟ್ ಕೂಡ ಪಡೆದರು. ಮುಂದೆ ಕನ್ನಂಬಾಡಿಗೂ ಸ್ವಯಂಚಾಲಿತ ಗೇಟುಗಳು ಬಂದವು.

ಈಗ ನಮ್ಮ ಶಿರಾಡಿ ಘಾಟಿಗೆ ಬನ್ನಿ. ಸಾಮಾನ್ಯ ಕಾರು ಇಳಿಯುವಾಗ ಬೆಟ್ಟದಷ್ಟು ಶಕ್ತಿಯನ್ನು ಬ್ರೇಕಿನಲ್ಲಿ ಸುಟ್ಟು ಬಿಸಿ ಮಾಡಿ ಗಾಳಿಗೆ ಬಿಡುತ್ತೆ. ಅದು ಕೋಡಿ ಹರಿದ ನೀರಿದ್ದ ಹಾಗೆ. ಎಲೆಕ್ಟ್ರಿಕ್ ಕಾರು ಅದೇ ಶಕ್ತಿಯ ಒಂದು ಪಾಲನ್ನು ಹಿಡಿದು ಬ್ಯಾಟರಿಗೆ ಹಾಕುತ್ತೆ. ಖಡಕ್‌ವಾಸ್ಲಾದ ಗೇಟು ಮತ್ತು ಚಿಕ್ಕಪ್ಪನ ಕಾರಿನ ಮೋಟಾರು ಮಾಡುವ ಕೆಲಸದ ತರ್ಕ ಒಂದೇ.

1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನು ನುಂಗಿತು. ಸಾವಿರಾರು ಜನ ಸತ್ತರು. ಬಾಂಬೆಯ ಕೆಲಸದಿಂದ ಹೊರಬಂದಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಕರೆಸಿಕೊಂಡಿತು. ನಗರದ ಮೇಲ್ಭಾಗದಲ್ಲಿ ಪ್ರವಾಹವನ್ನು ತಡೆಯುವ ಜಲಾಶಯಗಳು ಬೇಕು ಅಂತ ಅವರು ಯೋಜನೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹುಟ್ಟಿದ್ದು ಹೀಗೆ. ಇಲ್ಲಿ ನಾವು ಕಲಿಯುವ ಪಾಠ ಇಷ್ಟೇ: ಪ್ರವಾಹ ತಡೆಯುವ ಜಲಾಶಯದಲ್ಲಿ ಮೊದಲೇ ಜಾಗ ಖಾಲಿ ಇರಬೇಕು. ತುಂಬಿದ ಕೆರೆ ಪ್ರವಾಹವನ್ನು ಹಿಡಿಯಲಾರದು. ಚಿಕ್ಕಪ್ಪ ಇದನ್ನು ಅನುಭವದಿಂದ ಕಲಿತರು. ಮೊದಲ ಸಲ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಘಾಟಿ ಇಳಿಯಲು ಹೊರಟರು. ತುಂಬಿದ ಬ್ಯಾಟರಿಗೆ ಕರೆಂಟು ತುಂಬಿಸಲು ಜಾಗವೇ ಇಲ್ಲ, ಮೇಲಿನ ತಿರುವುಗಳಲ್ಲಿ ಕಾಲಿನ ಬ್ರೇಕೇ ಗತಿ ಆಯ್ತು. ಈಗ ಇಳಿಯುವ ದಿನ 85ಕ್ಕೆ ನಿಲ್ಲಿಸಿ ಹೊರಡುತ್ತಾರೆ.

ಕನ್ನಂಬಾಡಿಯ ಲೆಕ್ಕ

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಊರಿಗೆ ಬಂದರು. ಅಷ್ಟು ಹೊತ್ತಿಗೆ ಮೈಸೂರಿಗೆ ಕರೆಂಟು ಹೊಸದೇನಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಂಡ ಕನಸಿನಂತೆ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿದಿತ್ತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಉಳಿದಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು.

ಕಷ್ಟ ಇದ್ದದ್ದು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಹೇಮಾವತಿ, ಲಕ್ಷ್ಮಣತೀರ್ಥ, ಕಾವೇರಿ ಎಲ್ಲ ಸೇರಿ ಅಬ್ಬರಿಸುತ್ತವೆ. ಬೇಸಿಗೆಯಲ್ಲಿ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲದು. ಗಣಿಯವರಿಗೆ ವರ್ಷವಿಡೀ ಕರೆಂಟು ಬೇಕು, ಮಂಡ್ಯದ ಕಡೆಯ ಒಣ ಭೂಮಿಗೆ ನೀರು ಬೇಕು. ಒಂದೇ ಜಲಾಶಯದಿಂದ ಎರಡೂ ಆಗುತ್ತೆ ಅಂತ ವಿಶ್ವೇಶ್ವರಯ್ಯ ಲೆಕ್ಕ ಹಾಕಿ ತೋರಿಸಿದರು. ಖರ್ಚಿನ ಮೊತ್ತ ನೋಡಿ ಸರ್ಕಾರದ ಒಳಗೇ ಹಿಂಜರಿಕೆ ಇತ್ತು. ಕೆಳಗಿನ ಮದ್ರಾಸ್ ಪ್ರಾಂತ್ಯದ ವಿರೋಧ ಬೇರೆ. ಕರೆಂಟು ಮಾರಿ ಬರುವ ಆದಾಯವೇ ಕಟ್ಟೆಯ ಸಾಲ ತೀರಿಸಲು ನೆರವಾಗುತ್ತೆ ಅನ್ನೋ ವಾದ ಕೊನೆಗೆ ಗೆದ್ದಿತು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿಗೆ ಕೊಟ್ಟರು, 1911ರಲ್ಲಿ ಕೆಲಸ ಶುರುವಾಯಿತು.

ಮದ್ರಾಸಿನವರು ಮೊದಲಿಗೆ ಪೂರ್ತಿ ಎತ್ತರಕ್ಕೆ ಒಪ್ಪಲಿಲ್ಲ. ಆದರೂ ಮುಂದೊಂದು ದಿನ ಪೂರ್ತಿ ಎತ್ತರ ಕಟ್ಟಬಹುದಾದಷ್ಟು ಅಗಲದ ಅಡಿಪಾಯವನ್ನೇ ಹಾಕಿಸಿದರು. ಆ ಧೈರ್ಯವನ್ನು ಈಗ ಓದಿದರೂ ಮೈ ಜುಮ್ ಅನ್ನುತ್ತೆ. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ ಬಳಸಿದರು. 1924ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದ ಆಯ್ತು, 1930ರ ದಶಕದ ಆರಂಭಕ್ಕೆ ಕಟ್ಟೆ ಮುಗಿಯಿತು. ಅಷ್ಟು ಹೊತ್ತಿಗೆ ಅವರು ಅಧಿಕಾರ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಹಳೆಯ ಕನ್ನಂಬಾಡಿ ಊರು ನೀರಿನೊಳಗೆ ಹೋಗಿತ್ತು. ಮನೆ, ಗದ್ದೆ ಬಿಟ್ಟು ಎದ್ದು ಹೋದವರ ಹೆಸರು ಯಾವ ರಸಪ್ರಶ್ನೆಯಲ್ಲೂ ಬರಲ್ಲ.

ದಿವಾನರ ಎರಡು ಕಾರು

1912ರಲ್ಲಿ ಅವರು ಮೈಸೂರಿನ ದಿವಾನರಾದರು. ಆರು ವರ್ಷದಲ್ಲಿ ಏನೆಲ್ಲ ಆಯ್ತು ಅನ್ನೋ ಪಟ್ಟಿ ನಿಮಗೆ ಬಾಯಿಪಾಠ ಇರುತ್ತೆ: 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ನಮ್ಮಂಥವರು ಇವತ್ತು ಎಂಜಿನಿಯರಿಂಗ್ ಓದುತ್ತಾ, ಕನ್ನಡ ಸಂಘದಲ್ಲಿ ಬರೆಯುತ್ತಾ ಇರೋದಕ್ಕೆ ಈ ಪಟ್ಟಿಯ ಎರಡು ಸಾಲುಗಳಿಗಾದರೂ ಋಣಿ.

ಒಂದು ಕಾಕತಾಳೀಯ ನೋಡಿ. ಅವರು ದಿವಾನರಾದ ಹೊತ್ತಿನಲ್ಲೇ ಅಮೆರಿಕದಲ್ಲಿ ಎಲೆಕ್ಟ್ರಿಕ್ ಕಾರಿನ ಹಣೆಬರಹ ಬದಲಾಗುತ್ತಿತ್ತು. ಎಲೆಕ್ಟ್ರಿಕ್ ಕಾರು ಹೊಸದು ಅಂತ ನಾವು ಅಂದುಕೊಂಡಿದ್ದೇವೆ ಅಲ್ವಾ? 1899ರಲ್ಲೇ ಬೆಲ್ಜಿಯಂನ ಕಮಿಲ್ ಜೆನಾಟ್ಸಿ ಎಂಬಾತ ಎಲೆಕ್ಟ್ರಿಕ್ ಗಾಡಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗ ದಾಟಿದ್ದ. ಅಮೆರಿಕದ ನಗರಗಳಲ್ಲಿ ಬ್ಯಾಟರಿ ಕಾರುಗಳು ಸಾಮಾನ್ಯವಾಗಿದ್ದವು. ಪೆಟ್ರೋಲ್ ಕಾರನ್ನು ಕೈಯಿಂದ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕಿತ್ತು, ಕೆಲವೊಮ್ಮೆ ಅದು ತಿರುಗಿಬಿದ್ದು ಕೈ ಮುರಿಯುತ್ತಿತ್ತು. 1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂತು. ಜೊತೆಗೆ ಫೋರ್ಡ್ ಕಾರಿನ ಬೆಲೆ ಇಳಿಯುತ್ತಾ ಹೋಯಿತು, ಪೆಟ್ರೋಲೂ ಅಗ್ಗವಾಗಿ ಸಿಗುತ್ತಿತ್ತು. ಬ್ಯಾಟರಿ ಕಾರು ಮೆಲ್ಲಗೆ ಬದಿಗೆ ಸರಿಯಿತು. ಹೊಗೆಯ ಲೆಕ್ಕ ಆಗ ಯಾರೂ ಹಾಕಲಿಲ್ಲ.

ದಿವಾನರ ಕಾರಿನ ಬಗ್ಗೆ ಹಳೇ ಮೈಸೂರಿನಲ್ಲಿ ಇಂದಿಗೂ ಹೇಳುವ ಕಥೆಯೊಂದಿದೆ. ರಾಜೀನಾಮೆ ಕೊಡುವ ದಿನ ಸರ್ಕಾರಿ ಕಾರಿನಲ್ಲಿ ಅರಮನೆಗೆ ಹೋದವರು, ಕೊಟ್ಟು ಬಂದ ಮೇಲೆ ತಮ್ಮ ಸ್ವಂತ ಕಾರು ಹತ್ತಿ ಮನೆಗೆ ಬಂದರಂತೆ. ಅವರು ಹುದ್ದೆ ಬಿಟ್ಟದ್ದು 1918ರಲ್ಲಿ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಸಿಗಬೇಕು ಅನ್ನೋ ಬೇಡಿಕೆ ಆಗ ಮೈಸೂರಿನಲ್ಲಿ ಎದ್ದಿತ್ತು. ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಇಂದು ಆ ಸಮಿತಿಯಿಂದ ಶುರುವಾದ ದಾರಿಯಲ್ಲೇ ನಮ್ಮಲ್ಲಿ ಎಷ್ಟೋ ಮನೆಯ ಮೊದಲ ಎಂಜಿನಿಯರುಗಳು ಕಾಲೇಜಿಗೆ ಬಂದಿದ್ದಾರೆ. ದೊಡ್ಡ ಮನುಷ್ಯರ ಲೆಕ್ಕವೂ ಎಲ್ಲ ಕಡೆ ಸರಿ ಇರಬೇಕಿಲ್ಲ.

ಕಬ್ಬಿಣ, ಕಾಡು

ಕಾರು ಮಾಡಲು ಕಬ್ಬಿಣ ಬೇಕು. ಬಾಬಾಬುಡನ್ ಗಿರಿಯ ಅದಿರು ನಂಬಿಕೊಂಡು ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು. ಆರಂಭದಲ್ಲಿ ನಷ್ಟದ ಮೇಲೆ ನಷ್ಟ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. 1929ರವರೆಗೂ ಅವರು ಅದರ ಹೊಣೆ ಹೊತ್ತು ಒಂದು ದಾರಿಗೆ ತಂದರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಮೈಸೂರಿನಲ್ಲಿ ಕಲ್ಲಿದ್ದಲು ಇಲ್ಲ. ಹಾಗಾಗಿ ಭದ್ರಾವತಿಯ ಕುಲುಮೆ ಉರಿದದ್ದು ಇದ್ದಿಲಿನಲ್ಲಿ. ಇದ್ದಿಲು ಬಂದದ್ದು ಮಲೆನಾಡಿನ ಮರಗಳಿಂದ. ಕಾಡಿನೊಳಗೆ ಟ್ರಾಮ್ ಹಳಿ ಹಾಕಿ ಸೌದೆ ಸಾಗಿಸಿದರು. ಸೌದೆಯನ್ನು ಸುಮ್ಮನೆ ಸುಡದೆ, ಬಟ್ಟಿ ಇಳಿಸಿ ಟಾರು, ಮರದ ಆಲ್ಕೊಹಾಲ್ ಎಲ್ಲ ತೆಗೆಯುವ ಘಟಕವನ್ನೂ ಹಾಕಿದರು. ಏನನ್ನೂ ಹಾಳು ಮಾಡಬಾರದು ಅನ್ನೋ ಬುದ್ಧಿ ಅಲ್ಲೂ ಇತ್ತು. ಆದರೆ ಕಡಿದ ಕಾಡು ಕಡಿದದ್ದೇ. ಲೆಕ್ಕದ ಪುಸ್ತಕದಲ್ಲಿ ಸೌದೆಗೆ ಟನ್ನಿನ ಬೆಲೆ ಇತ್ತು. ಆ ಕಾಡು ಹಿಡಿದಿಡುತ್ತಿದ್ದ ಮಳೆನೀರಿಗೆ ಬೆಲೆಯ ಕಾಲಂ ಇರಲಿಲ್ಲ. ಮುಂದೆ ಜೋಗದ ವಿದ್ಯುತ್ ಬಂದ ಮೇಲೆ 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು.

ಆಗದೇ ಹೋದ ಕಾರು

1930ರ ದಶಕ. ಭಾರತದಲ್ಲಿ ಓಡುವ ಕಾರುಗಳೆಲ್ಲ ಹಡಗಿನಲ್ಲಿ ಬಂದವು, ಇಲ್ಲವೇ ಹೊರಗಿಂದ ಬಂದ ಬಿಡಿಭಾಗಗಳನ್ನು ಇಲ್ಲಿ ಜೋಡಿಸಿದವು. 1934ರಲ್ಲಿ ವಿಶ್ವೇಶ್ವರಯ್ಯ ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕು ಅಂತ ಪುಸ್ತಕ ಬರೆದರು. ಬರೆದು ಕೂರಲಿಲ್ಲ. 1935ರಲ್ಲಿ ತಮ್ಮ 74ನೇ ವಯಸ್ಸಿನಲ್ಲಿ ಯುರೋಪ್, ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿದರು. ವಾಪಸ್ ಬಂದು ದೇಶದಲ್ಲೇ ಕಾರು ತಯಾರಿಸುವ ಯೋಜನೆಯ ವರದಿ ಸಿದ್ಧಪಡಿಸಿದರು. ಅವರ ಕಾರು ಪೆಟ್ರೋಲಿನದೇ, ಅದರಲ್ಲಿ ಅನುಮಾನ ಬೇಡ. ಕಾರಿನ ಕಾರ್ಖಾನೆ ಅಂದ್ರೆ ಬರೀ ಕಾರಲ್ಲ, ಅದರ ಸುತ್ತ ಗಾಜು, ರಬ್ಬರು, ಬ್ಯಾಟರಿ, ಬಣ್ಣ, ಉಕ್ಕು ಮಾಡುವ ನೂರಾರು ಚಿಕ್ಕ ಕಾರ್ಖಾನೆಗಳು ಹುಟ್ಟಬೇಕಾಗುತ್ತೆ. ಅಂಥ ಉದ್ಯಮ ಇಲ್ಲಿ ಬೇರೂರಬೇಕು ಅನ್ನೋದು ಅವರ ಹಂಬಲ.

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮುಂದೆ ಬಂದರು, ಅಮೆರಿಕದ ಕಂಪನಿಗಳ ಜೊತೆ ಮಾತುಕತೆ ನಡೆಸಿದರು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಕಟ್ಟುವ ಮಾತು ಬಂತು. ಮೈಸೂರು ಸರ್ಕಾರ ಪಾಲು ಹಾಕಲು, ಬೆಂಬಲ ಕೊಡಲು ತಯಾರಿತ್ತು. ಕನ್ನಂಬಾಡಿಯ ನೀರು, ಶಿವನಸಮುದ್ರದ ಕರೆಂಟು, ಭದ್ರಾವತಿಯ ಕಬ್ಬಿಣ, ಬೆಂಗಳೂರಿನ ಎಂಜಿನಿಯರುಗಳು: ಮೂವತ್ತು ವರ್ಷದ ಕೆಲಸವೆಲ್ಲ ಒಂದು ಗಾಡಿಯಾಗಿ ಹೊರಬರಬೇಕಿತ್ತು. ಆದರೆ ಬ್ರಿಟಿಷ್ ಭಾರತ ಸರ್ಕಾರ ಮೈಸೂರಿಗೆ ಒಪ್ಪಿಗೆ ಕೊಡಲಿಲ್ಲ. ಸಂಸ್ಥಾನದ ಕೈ ಕಟ್ಟಿಹೋಯಿತು. ಯುದ್ಧದ ಅಗತ್ಯ ಇದ್ದದ್ದರಿಂದ 1940ರ ಡಿಸೆಂಬರ್‌ನಲ್ಲಿ ಅದೇ ವಾಲ್‌ಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ವಿಮಾನದ ಕಾರ್ಖಾನೆ ಬೆಂಗಳೂರಿಗೆ ಬಂತು, ಕಾರಿನದು ತಪ್ಪಿತು. 1944ರಲ್ಲಿ ವಾಲ್‌ಚಂದ್ ಬಾಂಬೆಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಹುಟ್ಟಿದ್ದು ಆ ಕಂಪನಿಯಲ್ಲೇ.

ವಿಶ್ವೇಶ್ವರಯ್ಯ ಆಮೇಲೂ ಸುಮ್ಮನಿರಲಿಲ್ಲ. ತೊಂಬತ್ತು ದಾಟಿದ ಮೇಲೂ ಗಂಗಾ ನದಿಗೆ ಮೊಕಾಮಾದಲ್ಲಿ ಸೇತುವೆ ಎಲ್ಲಿ ಕಟ್ಟಬೇಕು ಅಂತ ಸಲಹೆ ಕೊಡಲು ಹೋದರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ತುಂಬಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ.

ಬೆಂಗಳೂರಿನ ಪುಟ್ಟ ಕಾರು

ಅವರು ಹೋಗಿ ನಲವತ್ತು ವರ್ಷ ಆಗುವ ಹೊತ್ತಿಗೆ, 2001ರಲ್ಲಿ, ಬೆಂಗಳೂರಿನ ಕಾರ್ಖಾನೆಯಿಂದ ಒಂದು ಕಾರು ರಸ್ತೆಗೆ ಇಳಿಯಿತು. ಹೆಸರು ರೇವಾ. ಚೇತನ್ ಮೈನಿ ಮತ್ತು ಅವರ ತಂಡ ಮಾಡಿದ್ದು. ಉದ್ದ 2.6 ಮೀಟರ್ ಅಷ್ಟೇ, ಎರಡು ಬಾಗಿಲು. ಸೀಟಿನ ಕೆಳಗೆ ಆರಾರು ವೋಲ್ಟಿನ ಎಂಟು ಲೆಡ್-ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಹಾಕಿದರೆ ಸುಮಾರು 8 ಗಂಟೆಯಲ್ಲಿ ಪೂರ್ತಿ ಚಾರ್ಜು, ಸುಮಾರು 80 ಕಿಲೋಮೀಟರ್ ಓಟ. ಬ್ರೇಕ್ ಒತ್ತಿದಾಗ ಶಕ್ತಿ ವಾಪಸ್ ಹಿಡಿಯುವ ವ್ಯವಸ್ಥೆ ಅದರಲ್ಲೇ ಇತ್ತು. ನಮ್ಮಲ್ಲಿ ನಕ್ಕವರೇ ಜಾಸ್ತಿ, ಆಟಿಕೆ ಅಂದವರೂ ಇದ್ದರು. ಅದೇ ಕಾರು ಜೀ-ವಿಜ್ ಅನ್ನೋ ಹೆಸರಲ್ಲಿ ಲಂಡನ್ ಬೀದಿಗಳಲ್ಲಿ ಓಡಿತು. 2010ರಲ್ಲಿ ಮಹೀಂದ್ರಾ ಕಂಪನಿ ಬಹುಪಾಲು ಷೇರು ಕೊಂಡಿತು. ಬೆಂಗಳೂರಿನಲ್ಲಿ ಕಾರು ಅನ್ನೋ ಕನಸು ತಡವಾಗಿ, ಗಾತ್ರದಲ್ಲಿ ಚಿಕ್ಕದಾಗಿ, ಹೊಗೆ ಕೊಳವೆ ಇಲ್ಲದೆ ನಿಜವಾಯಿತು.

ತಾತನ ಪ್ರಶ್ನೆಗೆ ಲೆಕ್ಕ

ಈಗ ಕ್ಯಾಲ್ಕುಲೇಟರ್ ತೆಗೀರಿ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತೆ. ಚಿಕ್ಕ ಕಾರು ಲೀಟರಿಗೆ 18 ಕಿಲೋಮೀಟರ್ ಕೊಟ್ಟರೆ, ಕಿಲೋಮೀಟರಿಗೆ ಹತ್ತಿರ ಹತ್ತಿರ 128 ಗ್ರಾಂ. ಪುಟ್ಟ ಎಲೆಕ್ಟ್ರಿಕ್ ಕಾರು ಕಿಲೋಮೀಟರಿಗೆ 0.12 ಯೂನಿಟ್ ಕುಡಿಯುತ್ತೆ ಅಂತ ಇಟ್ಟುಕೊಳ್ಳಿ. ದೇಶದ ಗ್ರಿಡ್ಡಿನಲ್ಲಿ ಇನ್ನೂ ಕಲ್ಲಿದ್ದಲೇ ಹೆಚ್ಚು, ಯೂನಿಟ್ಟಿಗೆ ಸುಮಾರು 0.7 ಕಿಲೋ. ಗುಣಿಸಿದರೆ 84 ಗ್ರಾಂ. ಅಂದ್ರೆ ಕಲ್ಲಿದ್ದಲಿನ ಗ್ರಿಡ್ ಇದ್ದರೂ ಮೂರನೇ ಒಂದು ಭಾಗ ಉಳಿತಾಯ, ಸೊನ್ನೆ ಏನಲ್ಲ. ಅದೇ ಕರೆಂಟು ಶರಾವತಿಯಿಂದಲೋ, ಪಾವಗಡದ ಸೋಲಾರ್‌ನಿಂದಲೋ ಬಂದರೆ ಓಡಾಟದ ಹೊಗೆ ಸೊನ್ನೆಯ ಹತ್ತಿರ. ಬ್ಯಾಟರಿ ಮಾಡುವಾಗಿನ ಹೊಗೆ ಬೇರೆ ಇದೆ, ಅದನ್ನು ಕಾರು ಓಡಿ ಓಡಿ ತೀರಿಸಬೇಕು. ಚಿಕ್ಕ ಕಾರಿಗೆ ಚಿಕ್ಕ ಬ್ಯಾಟರಿ, ಹಾಗಾಗಿ ಆ ಸಾಲವೂ ಚಿಕ್ಕದು. ಕಾಂಪ್ಯಾಕ್ಟ್ ಕಾರಿನ ದೊಡ್ಡ ಲಾಭ ಇದೇ.

ಘಾಟಿಯ ಲೆಕ್ಕ ಇನ್ನೂ ಮಜಾ. ಒಂದು ಟನ್ ತೂಕದ ಕಾರು 800 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ 78.4 ಲಕ್ಷ ಜೌಲ್, ಅಂದ್ರೆ ಸುಮಾರು 2.2 ಯೂನಿಟ್. ಅದರಲ್ಲಿ ಅರ್ಧ ವಾಪಸ್ ಸಿಕ್ಕರೂ 1.1 ಯೂನಿಟ್, ಒಂಬತ್ತು ಕಿಲೋಮೀಟರ್ ಓಟಕ್ಕೆ ಸಾಕು. ಹತ್ತುವಾಗ ಪೂರ್ತಿ 2.2 ಯೂನಿಟ್ ಮತ್ತು ಮೇಲೊಂದಿಷ್ಟು ಕೊಡಲೇಬೇಕು, ಬೆಟ್ಟ ಯಾರಿಗೂ ಪುಕ್ಕಟೆ ಕೊಡಲ್ಲ.

ತಾತನಿಗೆ ಈ ಲೆಕ್ಕ ತೋರಿಸಿದಾಗ ಅವರು ಇನ್ನೊಂದು ಮಾತು ನೆನಪಿಸಿದರು. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಎಷ್ಟೋ ಹಳ್ಳಿ ಮುಳುಗಿದವು. ಶೆಟ್ಟಿಹಳ್ಳಿಯ ಚರ್ಚು ಪ್ರತಿ ಮಳೆಗಾಲ ಅರ್ಧ ಮುಳುಗಿ ನಿಲ್ಲೋದನ್ನು ನಾವು ರೀಲ್ಸ್ ಮಾಡಿ ಹಾಕ್ತೀವಿ, ತಾತನ ಕಾಲದವರಿಗೆ ಅದು ಊರು. ಸಕಲೇಶಪುರದ ಪಶ್ಚಿಮ ಇಳಿಜಾರಿನ ಕಾಡಿನಲ್ಲಿ ಗುಂಡ್ಯ ಜಲವಿದ್ಯುತ್ ಯೋಜನೆ ಮಾಡಲು ಹೊರಟಾಗ ಇಲ್ಲಿಯ ಜನ ವಿರೋಧಿಸಿದರು. ಮಾಧವ ಗಾಡ್ಗೀಳ್ ಸಮಿತಿ 2011ರ ವರದಿಯಲ್ಲಿ ಅದು ಬೇಡ ಅಂತಲೇ ಶಿಫಾರಸು ಮಾಡಿತು. ಅದೇ ಇಳಿಜಾರಿನ ಎತ್ತಿನಹೊಳೆಯ ನೀರನ್ನು ಈಗ ಪಂಪು ಹಾಕಿ ಮೇಲೆತ್ತಿ ಪೂರ್ವಕ್ಕೆ ಕಳಿಸುವ ಯೋಜನೆ ನಡೆದಿದೆ. ಎಲ್ಲಿಗೆ ಗೊತ್ತಾ? ಕೋಲಾರ, ಚಿಕ್ಕಬಳ್ಳಾಪುರಕ್ಕೆ. ವಿಶ್ವೇಶ್ವರಯ್ಯ ಹುಟ್ಟಿದ ಆ ಒಣ ಸೀಮೆಗೆ. ಬಾಯಾರಿದವರಿಗೆ ನೀರು ಬೇಡ ಅನ್ನೋ ಧೈರ್ಯ ನನಗಿಲ್ಲ. ಆದರೆ ನೀರು ಎತ್ತುವ ಕರೆಂಟಿನ ಲೆಕ್ಕ, ಕಡಿದ ಮರದ ಲೆಕ್ಕ, ಕುಸಿದ ಗುಡ್ಡದ ಲೆಕ್ಕ ಒಂದೇ ಹಾಳೆಯ ಮೇಲೆ ಇರಬೇಕು ಅಂತ ಕೇಳುವ ಧೈರ್ಯ ಇರಬೇಕು.

ಹಾಗಾದರೆ ಜಲವಿದ್ಯುತ್ ಶುದ್ಧ ಅಂತ ಹೇಳಿ ಇನ್ನೊಂದು ಕಾಡು ಮುಳುಗಿಸಿ ಕಾರು ಓಡಿಸುವುದಾ? ಅದು ಭದ್ರಾವತಿಯ ಇದ್ದಿಲಿನ ತಪ್ಪನ್ನೇ ಹೊಸ ಹೆಸರಲ್ಲಿ ಮಾಡಿದ ಹಾಗೆ. ಈಗಾಗಲೇ ಕಟ್ಟಿರುವ ಜಲಾಶಯಗಳನ್ನು ಚೆನ್ನಾಗಿ ಬಳಸಿ, ಬೇಸಿಗೆಯಲ್ಲಿ ಕಾಫಿ ಕಣದ ಶೆಡ್ಡಿನ ಮೇಲೆ ಸೋಲಾರ್ ಹಾಕಿ, ಗಾಡಿಯನ್ನು ಬೇಕಾದಷ್ಟೇ ಚಿಕ್ಕದು ಇಟ್ಟುಕೊಂಡರೆ ಲೆಕ್ಕ ಸರಿ ಹೋಗುತ್ತೆ. ಮಳೆಗಾಲದಲ್ಲಿ ನಮ್ಮ ಕಡೆ ಸೂರ್ಯನ ಮುಖ ಕಾಣಲ್ಲ, ಆದರೆ ಆಗ ಜಲಾಶಯ ತುಂಬಿರುತ್ತೆ. ಜಲಾಶಯ ತಗ್ಗಿದ ಬೇಸಿಗೆಯಲ್ಲಿ ಬಿಸಿಲಿಗೆ ಬರ ಇಲ್ಲ. ಒಂದರ ಕೊರತೆ ಇನ್ನೊಂದು ತುಂಬುತ್ತೆ.

ವಿಶ್ವೇಶ್ವರಯ್ಯನವರ ನಿಜವಾದ ಬಲ ಅಳತೆ. ನದಿ ಎಷ್ಟು ಹರಿಯುತ್ತೆ, ಎಷ್ಟು ನಿಲ್ಲಿಸಬಹುದು, ಯಾವಾಗ ಬೇಕು ಅನ್ನೋದನ್ನು ಅಳೆದ ಮೇಲೇ ಮಾತಾಡುತ್ತಿದ್ದರು. ಅವರ ಹಾಳೆಯಲ್ಲಿ ಇಲ್ಲದ ಕಾಲಂಗಳನ್ನು ಸೇರಿಸುವುದು ನಮ್ಮ ಕೆಲಸ.

ಕೊನೆಗೆ ಒಂದು ಕೋರಿಕೆ. ಈ ರಜೆಯಲ್ಲಿ ಚಿಕ್ಕಪ್ಪನ ಕಾರಿನಲ್ಲಿ ಮಾರನಹಳ್ಳಿಯಿಂದ ಗುಂಡ್ಯದವರೆಗೆ ಇಳಿಯುವಾಗ, ಮತ್ತೆ ಹತ್ತುವಾಗ ಯೂನಿಟ್ ಲೆಕ್ಕ ಬರೆದಿಡಬೇಕು ಅಂದುಕೊಂಡಿದ್ದೇನೆ. ನಿಮ್ಮ ಮನೆಯಲ್ಲಿ ಎಲೆಕ್ಟ್ರಿಕ್ ಕಾರೋ ಸ್ಕೂಟರೋ ಇದ್ದು, ಊರು ಚಾರ್ಮಾಡಿ, ಆಗುಂಬೆ, ಬಿಸಿಲೆ ಯಾವ ಘಾಟಿಯ ಕಡೆಗಾದರೂ ಇದ್ದರೆ, ನೀವೂ ಬರೆದು ತನ್ನಿ. ಹೊರಡುವಾಗಿನ ಚಾರ್ಜು, ತಲುಪಿದಾಗಿನ ಚಾರ್ಜು, ಗಾಡಿಯಲ್ಲಿ ಎಷ್ಟು ಜನ, ಮಳೆ ಇತ್ತಾ ಇಲ್ವಾ, ಇಷ್ಟು ಸಾಕು. ಮುಂದಿನ ಸೆಪ್ಟೆಂಬರ್ 15ಕ್ಕೆ ಹಾರದ ಜೊತೆ ಒಂದು ಕೋಷ್ಟಕವನ್ನೂ ಆ ಫೋಟೊದ ಮುಂದೆ ಇಡೋಣ. ಹಾಂ, ಒಂದು ಎಚ್ಚರಿಕೆ: ನಮ್ಮ ಆಲೂರು ಕಡೆ ಬರುವುದಾದರೆ ಸಂಜೆ ಆರರ ಒಳಗೆ ಬನ್ನಿ. ಈ ಕಾರಿಗೆ ಸದ್ದೇ ಇಲ್ಲ, ತೋಟದ ದಾರಿಯ ಕಾಡಾನೆಗೆ ನೀವು ಬಂದದ್ದು ಗೊತ್ತಾಗಲ್ಲ!